ಟೇಪ್ ಆಂಟಿಯ ಮಗ

ಅವಳ ಹತ್ತಿರ ಎಲ್ಲದಕ್ಕೂ ಒಂದು ಉಪಾಯ ಇರುತ್ತಿತ್ತು. ಬಟ್ಟೆ ಸಾಲದೆ ಬಂದರೆ ಕಂಕುಳಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ತುಂಡು ಕೂಡಿಸುವಳು. ಮನೆಯ ಬಾಗಿಲು ಕಿರುಗುಟ್ಟಿದರೆ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನೇ ಅದಕ್ಕೂ ಬಿಡುವಳು. ಮಗಳು ಮಾತ್ರೆ ನುಂಗಲು ಹಟ ಮಾಡಿದರೆ ಬಾಳೆಹಣ್ಣಿನ ಒಳಗೆ ಹೂತು, ಹೊರಗೆ ಏನೂ ಅರಿಯದವಳ ಮುಖ ಮಾಡಿ ಕೊಡುವಳು. "ಇವಳ ತಲೆಯೊಳಗೆ ಇರೋದು ಮಿದುಳಲ್ಲ, ಕತ್ತರಿ" ಎಂದು ಗಂಡ ಆಡಿಕೊಳ್ಳುತ್ತಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಅದು ಹೊಗಳಿಕೆಯೇ ಆಗಿತ್ತು, ಆ ಪ್ರಾಣಿಗಳ ಪಾರ್ಕಿಗೆ ಹೋದ ದಿನದವರೆಗೆ.

ಶಾಲೆಗಳಿಗೆ ಯೂನಿಫಾರ್ಮ್ ಹೊಲಿದುಕೊಡುವ ಕಡೆ ಅವಳಿಗೆ ಕೆಲಸ. ಔಷಧಿ ಅಂಗಡಿಯೊಂದರ ಮೇಲಿನ ಉದ್ದನೆಯ ಹಾಲ್, ಎರಡು ಸಾಲು ಮೆಷಿನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಎಷ್ಟು ಗುಡಿಸಿದರೂ ಕಾಲಿಗೆ ಅಂಟುವ ದಾರದ ಚೂರುಗಳು. ಹೊಲಿಯುವವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಅವಳಿಗೆ ಹೆಸರು ತಂದದ್ದು ಹೊಲಿಗೆಯಲ್ಲ, ಅಳತೆ. ಒಂದು ಕ್ಷಣ ನಿಂತಲ್ಲಿ ನಿಲ್ಲದ ಪುಟಾಣಿಗಳನ್ನು ನಿಲ್ಲಿಸುವುದು ಆ ಹಾಲ್‌ನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. "ಎಲ್ಲಿ, ಹುಲಿ ಹಾಗೆ ಎದೆ ಉಬ್ಬಿಸು ನೋಡೋಣ" ಎನ್ನುವಳು, ಮಗು ಉಬ್ಬಿಸುವಷ್ಟರಲ್ಲಿ ಅಳತೆ ಮುಗಿದಿರುತ್ತಿತ್ತು. ಹಾಗಾಗಿ ಶಾಲೆಗಳಿಗೆ ಹೋಗಿ ಅಳತೆ ತರುವ ಕೆಲಸವನ್ನು ಮ್ಯಾನೇಜರು ಅವಳಿಗೇ ವಹಿಸಿದ್ದರು. ಅದರಲ್ಲೂ ಒಂದು ದೊಡ್ಡ ಶಾಲೆಗೆ, ಹಸಿರು ಚೌಕುಳಿ ಬಟ್ಟೆಯ ಶಾಲೆಗೆ, ಆಗಾಗ ಹೋಗಬೇಕಾಗುತ್ತಿತ್ತು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಅಲ್ಲಿನ ಮಕ್ಕಳು ಅವಳನ್ನು ಟೇಪ್ ಆಂಟಿ ಎಂದು ಕರೆಯುತ್ತಿದ್ದವು.

ಅವಳಿಗೂ ಇಬ್ಬರು ಮಕ್ಕಳು. ದೊಡ್ಡವಳು ಮನೆ ಹತ್ತಿರದ ಶಾಲೆಗೆ ಹೋಗುತ್ತಿದ್ದಳು. ಚಿಕ್ಕವನಿಗೆ ಶಾಲೆಗೆ ಸೇರುವಷ್ಟು ವಯಸ್ಸು ಇನ್ನೂ ಆಗಿರಲಿಲ್ಲ. ಹುಟ್ಟಿದಾಗ ಮುಖ ಗುಂಡಗೆ, ಕಣ್ಣು ಎರಡು ತೂತು ಇಟ್ಟ ಹಾಗೆ ಇದ್ದುದರಿಂದ ಅವನಿಗೆ ಬಟನ್ ಎಂಬ ಹೆಸರು ಬಿದ್ದು, ಹಾಗೇ ಉಳಿದುಕೊಂಡಿತ್ತು. ಬಟನ್‌ನನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಮಗಳ ಬಾಣಂತನಕ್ಕೆ ಹೋದವರು ಅಲ್ಲೇ ಉಳಿದುಬಿಟ್ಟರು. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಇವನು ಓಡಬೇಕು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಲಾಗುತ್ತದೆಯೇ? ಹೊಲಿಗೆಯ ಹಾಲ್‌ನಲ್ಲಿ ಮೆಷಿನ್ನಿನ ಕೆಳಗೆ ಹಳೆಯ ಬಟ್ಟೆಯ ಗಂಟಿನ ಮೇಲೆ ಬಟನ್ ಸದ್ದಿಲ್ಲದೆ ಮಲಗಿರುತ್ತಿದ್ದ, ಮ್ಯಾನೇಜರು ಕಂಡೂ ಕಾಣದಂತೆ ಇದ್ದರು. ಆದರೆ ಅಳತೆಗೆ ಹೋಗುವ ದಿನ ಮಾತ್ರ ಅವರು ಖಡಾಖಂಡಿತ. "ಶಾಲೆಯೊಳಗೆ ಮಗು ಗಿಗು ಅಂತ ಕರ್ಕೊಂಡು ಹೋಗಂಗಿಲ್ಲ. ನಮ್ಮ ಮರ್ಯಾದೆ ಪ್ರಶ್ನೆ" ಎಂದಿದ್ದರು. ಹಿಂದೆ ಗುಂಡಿಯ ಕಾಜಾ ಹಾಕುವವಳೊಬ್ಬಳು ಮಗುವನ್ನು ಎತ್ತಿಕೊಂಡು ಹೋಗಿ, ಅದು ಅಲ್ಲಿನ ಆಫೀಸಿನಲ್ಲಿ ರಂಪ ಮಾಡಿ, ಮರುದಿನದಿಂದ ಅವಳು ಕೆಲಸಕ್ಕೆ ಬರುವುದೇ ಬೇಡ ಎಂದಾಗಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಇವಳ ಎದೆಯಲ್ಲಿ ಒಂದು ಅಳುಕು ಕೂತುಬಿಟ್ಟಿತ್ತು.

ಆಗ ಕತ್ತರಿ ಬುದ್ಧಿ ಕೆಲಸ ಮಾಡಿತು. ಉಳಿದ ತುಂಡುಗಳಿಂದ ಬಟನ್‌ಗೊಂದು ಹಸಿರು ಚೌಕುಳಿ ಅಂಗಿ ಹೊಲಿದಳು. ಆ ಅಂಗಿ ತೊಟ್ಟರೆ ಅವನು ಆ ಶಾಲೆಯ ಪುಟಾಣಿಗಳಲ್ಲಿ ಒಬ್ಬ. ಗೇಟಿನ ಕಾವಲುಗಾರನೇ ತಲೆ ಸವರಿ ಒಳಗೆ ಬಿಡುತ್ತಿದ್ದ. ಒಳಗೆ ಹೋದ ಮೇಲೆ ಪಾಠ ಸುಲಭ: ಮಕ್ಕಳ ಸಾಲಿನಲ್ಲಿ ನಿಂತುಕೋ, ಅವರು ಕೂತರೆ ಕೂತುಕೋ, ಬಾಯಿ ಬಿಡಬೇಡ. ಅಮ್ಮ ಅನ್ನಬೇಡ. ಯಾರಾದರೂ ಕೇಳಿದರೆ ನಾನು ಟೇಪ್ ಆಂಟಿ, ಅಷ್ಟೇ. ಅವಳ ಕೊರಳಲ್ಲಿ ಟೇಪು ಇರುವವರೆಗೆ ಅವಳು ಆಂಟಿ. ಕೆಲಸ ಮುಗಿಸಿ ಗೇಟು ದಾಟಿ, ಮೂಲೆ ತಿರುಗಿದ ಮೇಲೆ ಅವಳು ಟೇಪು ತೆಗೆದು ಅವನ ಕೈಗೆ ಕೊಡುವಳು. ಅವನು ಅದನ್ನು ಬಸವನಹುಳುವಿನ ಹಾಗೆ ಸುತ್ತುವನು. ಆಮೇಲೆ ಅಮ್ಮ ಎನ್ನಬಹುದು, ಒಂದು ಪೆಪ್ಪರ್‌ಮಿಂಟೂ ಸಿಗುತ್ತದೆ.

ಬಟನ್ ಇದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ ಅವಳಿಗೇ ಆಶ್ಚರ್ಯ. ಒಮ್ಮೆ ಮಾತ್ರ ತಪ್ಪಿದ್ದ. ಅವಳೇ ಪರೀಕ್ಷೆ ಮಾಡಲೆಂದು, ವರಾಂಡದಲ್ಲಿ ಯಾರೂ ಇಲ್ಲದಾಗ, ಮೆಲ್ಲಗೆ "ಬಟನ್, ಹಸಿವಾಯ್ತೇನೋ?" ಎಂದಳು. "ಹೂಂ ಅಮ್ಮಾ" ಎಂದುಬಿಟ್ಟ. ಅವಳು ತೊಡೆ ಜಿಗುಟಿದಳು. ಅಂದು ಪೆಪ್ಪರ್‌ಮಿಂಟ್ ಇಲ್ಲ. ಆಮೇಲೆ ಅವಳು ಎಷ್ಟು ಮುದ್ದಾಗಿ ಕರೆದರೂ ಹುಡುಗ ಸೊಪ್ಪು ಹಾಕಲಿಲ್ಲ. ಒಂದು ಸಲ ಟೀಚರೊಬ್ಬರ ಕಣ್ಣೆದುರಿಗೆ ಅವನದೂ ಅಳತೆ ತೆಗೆಯಬೇಕಾಗಿ ಬಂತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನ ಎದೆಗೆ ಟೇಪು ಸುತ್ತಿ, ಊರವರ ಮಗುವಿಗೆ ಹೇಳುವಂತೆ "ಹುಲಿ ಹಾಗೆ ಉಬ್ಬಿಸು" ಎಂದಳು. ಅವನು ಉಬ್ಬಿಸಿ, "ಥ್ಯಾಂಕ್ಯೂ ಟೇಪ್ ಆಂಟಿ" ಎಂದು ಹೋದ. ಅವಳಿಗೆ ಹೆಮ್ಮೆಯಿಂದ ನಗು ತಡೆಯಲಾಗಲಿಲ್ಲ. ಗಂಡನಿಗೆ ಈ ಸಂಗತಿ ಹೇಳಿರಲಿಲ್ಲ. ಹೇಳಿದರೆ ಅವನು ನಗುವುದಿಲ್ಲ ಎಂದು ಒಳಗೆಲ್ಲೋ ಗೊತ್ತಿತ್ತೋ ಏನೋ.

ಪಾರ್ಕಿಗೆ ಹೋಗುವ ಮಾತು ವರ್ಷದಿಂದ ನಡೆದಿತ್ತು. ಗಂಡನಿಗೆ ರಜೆ ಸಿಕ್ಕರೆ ಅವಳಿಗಿಲ್ಲ, ಅವಳಿಗೆ ಸಿಕ್ಕರೆ ಯಾರದೋ ಲಿಫ್ಟ್ ಕೆಡುತ್ತಿತ್ತು. ಕೊನೆಗೆ ಹಸಿರು ಚೌಕುಳಿಯ ದೊಡ್ಡ ಆರ್ಡರು ಒಂದು ವಾರ ಮೊದಲೇ ಮುಗಿಯಿತು. ಮಕ್ಕಳಿಗೆ ಏನೋ ಟೂರ್ ಇದೆಯಂತೆ, ಬೇಗ ಬೇಕಂತೆ ಎಂದು ಮ್ಯಾನೇಜರು ಎಲ್ಲರನ್ನೂ ಓಡಿಸಿದ್ದರು. ಎಲ್ಲಿಗೆ ಟೂರ್ ಎಂದು ಇವಳು ಕೇಳಲಿಲ್ಲ, ಮ್ಯಾನೇಜರು ಹೇಳಲೂ ಇಲ್ಲ. ಮುಗಿಸಿದ್ದಕ್ಕೆ ಒಂದು ದಿನ ರಜೆ ಸಿಕ್ಕಿತು.

"ವಾರದ ಮಧ್ಯೆ ಹೋಗೋಣ ಕಣೇ, ಜನ ಇರಲ್ಲ. ಪ್ರಾಣಿಗಳು ನಮ್ಮನ್ನೇ ನೋಡ್ತಾ ಕೂತಿರ್ತವೆ" ಎಂದ ಗಂಡ. ದೊಡ್ಡವಳಿಗೆ ಒಂದು ದಿನ ಶಾಲೆ ತಪ್ಪಿಸಿದರು. ಜನ ಇರಲಿ ಬಿಡಲಿ, ಮಕ್ಕಳು ತಪ್ಪಿಸಿಕೊಳ್ಳಬಾರದಲ್ಲ. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ಇಬ್ಬರಿಗೂ ಒಂದೇ ಬಟ್ಟೆ. ದೊಡ್ಡವಳಿಗೆ ಅದೇ ಹಸಿರು ಚೌಕುಳಿಯಲ್ಲಿ ಹೊಸ ಫ್ರಾಕು, ಬಟನ್‌ಗೆ ಅವನ ಅದೇ ಅಂಗಿ. "ಎಷ್ಟು ದೂರದಿಂದ ನೋಡಿದ್ರೂ ಥಟ್ ಅಂತ ಗೊತ್ತಾಗತ್ತೆ" ಎಂದಳು. ಚಿಕ್ಕಮ್ಮ ಕೊಟ್ಟ ಕೆಂಪು ಅಂಗಿ ಬೇಕೆಂದು ಬಟನ್ ಮುಖ ಊದಿಸಿದ. ಅವಳು ಕೇಳಲಿಲ್ಲ. ಬೆಳಿಗ್ಗೆ ಹೊರಡುವ ಹೊತ್ತಿಗೆ ಅಂಗಿ ಗಿಡ್ಡವಾಗಿದ್ದುದು ಕಂಡು, ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳೆದು, ಒಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿ, ಹಾಗೇ ಬಸ್ಸಿಗೆ ಓಡಿದ್ದಾಯಿತು.

ಬಸ್ಸಿನಲ್ಲಿ ಗಂಡ ಅವಳ ಕೊರಳು ನೋಡಿ ನಕ್ಕ. "ಏನೇ ಇದು, ಟೇಪ್ ಹಾಕ್ಕೊಂಡೇ ಬಂದಿದ್ದೀಯಲ್ಲ! ಹುಲಿಗೂ ಚಡ್ಡಿ ಹೊಲೀತೀಯಾ?"

ದೊಡ್ಡವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ನಕ್ಕು, ತೆಗೆಯಲು ಕೈ ಎತ್ತಿದಳು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತು, ಬ್ರೆಡ್ಡು ಮೊಟ್ಟೆ ಬಾಳೆಹಣ್ಣು ತುಂಬಿದ್ದ ಚೀಲ ಮಗುಚಿ, ಚೆಲ್ಲಿದ್ದನ್ನು ಹೆಕ್ಕಲು ಬಗ್ಗಿದಳು. ಟೇಪು ಕೊರಳಲ್ಲೇ ಉಳಿಯಿತು. ಬಟನ್ ಮಾತ್ರ ನಗಲಿಲ್ಲ. ಒಮ್ಮೆ ಟೇಪನ್ನು, ಒಮ್ಮೆ ತನ್ನ ಅಂಗಿಯನ್ನು ನೋಡಿಕೊಂಡ. ಅದನ್ನು ಯಾರೂ ಗಮನಿಸಲಿಲ್ಲ.

ಪಾರ್ಕಿನ ಒಳಗೆ ಹೋಗುತ್ತಲೇ ಅವಳು ಗಕ್ಕನೆ ನಿಂತಳು. ಎಲ್ಲಿ ನೋಡಿದರೂ ಹಸಿರು ಚೌಕುಳಿ! ಜಿರಾಫೆಯ ಬೇಲಿಗೆ ಅಂಟಿಕೊಂಡು, ನಲ್ಲಿಯ ಹತ್ತಿರ ನೂಕಾಡಿಕೊಂಡು, ಟೋಪಿ ಹಾಕಿದ ಟೀಚರುಗಳ ಹಿಂದೆ ಸಾಲು ಸಾಲಾಗಿ. ಇಡೀ ಶಾಲೆಯೇ ಬಂದಿಳಿದಿತ್ತು.

"ಜನ ಇರಲ್ಲ ಅಂದ್ರಲ್ಲ?" ಎಂದಳು.

"ಇವರೆಲ್ಲ ನಿನ್ನ ಮಕ್ಕಳೇ ಅಲ್ವೇನೇ, ನೀನೇ ತಾನೆ ಹೊಲಿದಿದ್ದು" ಎಂದು ಗಂಡ ಚುಡಾಯಿಸಿದ. ತನ್ನ ಹೊಸ ಫ್ರಾಕಿನ ಬಟ್ಟೆಯೇ ಎಲ್ಲರ ಮೈಮೇಲೆ ಕಂಡು ದೊಡ್ಡವಳಿಗೆ ಅಳು ಬರುವುದೊಂದು ಬಾಕಿ. ಆಯಾ ಒಬ್ಬಳು ಬಂದು ಅವಳ ರಟ್ಟೆ ಹಿಡಿದು "ಏಯ್, ಲೈನ್ ಬಿಟ್ಟು ಇಲ್ಲೇನ್ ಮಾಡ್ತಿದ್ದೀ?" ಎಂದು ಗದರಿದ್ದೂ ಆಯಿತು. ದೊಡ್ಡವಳು "ನಾನು ನಿಮ್ಮ ಸ್ಕೂಲಲ್ಲ!" ಎಂದು ಕೂಗಿ ಕೈ ಬಿಡಿಸಿಕೊಂಡಳು. ಗಂಡನ ಜೊತೆ ಇವಳೂ ನಕ್ಕಳು. ಅಂದು ಅವಳು ನಕ್ಕದ್ದು ಅದೇ ಕೊನೆ.

ಏಕೆಂದರೆ ತಿರುಗಿ ನೋಡುವಾಗ ಬಟನ್ ಇರಲಿಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. ಇಲ್ಲೇ ಮಂಗಗಳ ಹತ್ತಿರ ಇರುತ್ತಾನೆ ಎಂದ ಗಂಡ. ಮಂಗಗಳ ಹತ್ತಿರ ಮಂಗಗಳಷ್ಟೇ ಇದ್ದವು. ಐಸ್‌ಕ್ರೀಮ್ ಗಾಡಿಯ ಹಿಂದೆ, ಶೌಚಾಲಯದಲ್ಲಿ, ಆನೆಯ ಗೊಂಬೆಯ ಹೊಟ್ಟೆಯ ಕೆಳಗೆ, ಎಲ್ಲೂ ಇಲ್ಲ. ಗಂಡ ದೊಡ್ಡವಳ ಕೈ ಹಿಡಿದು ಮೈಕಿನಲ್ಲಿ ಕೂಗಿಸಲು ಮುಖ್ಯ ಗೇಟಿನ ಕಡೆ ಓಡಿದ. ಅವಳು ಒಳಗೆ ಓಡಿದಳು.

ಸ್ವಲ್ಪ ಹೊತ್ತಿನಲ್ಲೇ ಮರಗಳ ಮೇಲಿನ ಸ್ಪೀಕರಿನಿಂದ ಹೆಂಗಸಿನ ದನಿ ಬಂತು. "ದಯವಿಟ್ಟು ಗಮನಿಸಿ. ಹಸಿರು ಚೌಕುಳಿ ಅಂಗಿ ತೊಟ್ಟಿರುವ ಪುಟ್ಟ ಬಾಲಕನೊಬ್ಬ ಕಾಣೆಯಾಗಿದ್ದಾನೆ. ಕಂಡವರು ಕೂಡಲೇ ಕಚೇರಿಗೆ ತಿಳಿಸಬೇಕು."

ಬೆಂಚಿನ ಮೇಲೆ ಕೂತಿದ್ದ ಒಬ್ಬಾತ ಸುತ್ತ ಕಣ್ಣಾಡಿಸಿ "ಯಾವನು ಅಂತ ಹುಡುಕೋದು ಮಾರಾಯ್ರೇ" ಎಂದು ನಕ್ಕ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ತಾನೇ ತನ್ನ ಕೈಯಾರೆ ಮಗನನ್ನು ಬಚ್ಚಿಟ್ಟ ಹಾಗಾಗಿತ್ತು. ಒಂದು ಕೆಂಪು ಅಂಗಿ ಹಾಕಿದ್ದರೆ! ಆ ಕೆಂಪು ಅಂಗಿ ಮನೆಯಲ್ಲಿ ಕುರ್ಚಿಯ ಬೆನ್ನಿನ ಮೇಲೆ ನೇತಾಡುತ್ತಿತ್ತು.

ಒಂದೊಂದು ಸಾಲಿನ ಹಿಂದೂ ಓಡಿದಳು. ಮುಂದೆ ಕಾಣುವುದೆಲ್ಲ ಬೆನ್ನುಗಳು, ಅವಳೇ ಹೊಲಿದ ಬೆನ್ನುಗಳು. ಅವನಷ್ಟೇ ಎತ್ತರದವನ ಹೆಗಲು ಹಿಡಿದು ತಿರುಗಿಸುವಳು, ಬೇರೆ ಯಾರದೋ ಮುಖ, ಬಾಯಿ ತುಂಬ ಬಿಸ್ಕತ್ತು. ಇನ್ನೊಬ್ಬನನ್ನು ತಿರುಗಿಸುವಳು. "ಏನ್ರೀ ಮಾಡ್ತಿದ್ದೀರಿ, ಮಕ್ಕಳನ್ನ ಮುಟ್ಟಬೇಡಿ" ಎಂದು ಟೀಚರೊಬ್ಬರು ರೇಗಿದರು. ಗುರುತು ಸಿಕ್ಕ ಕೆಲವು ಮಕ್ಕಳು "ಟೇಪ್ ಆಂಟಿ! ಟೇಪ್ ಆಂಟಿ!" ಎಂದು ಕೈಬೀಸಿದವು. ಅವಳು ತಲೆಯಾಡಿಸಲೂ ಇಲ್ಲ.

ನೀರಾನೆಯ ಕೊಳದ ಹತ್ತಿರ ಅವಳ ಕಾಲು ನಿಂತುಹೋಯಿತು. ಕಟ್ಟೆ ಗಿಡ್ಡವಾಗಿತ್ತು. ನೀರು ಪಾಚಿಗಟ್ಟಿ ಹಸಿರಾಗಿತ್ತು, ಒಳಗೆ ಏನಿದ್ದರೂ ಕಾಣುತ್ತಿರಲಿಲ್ಲ. ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಅವಳು ಕಟ್ಟೆಯ ಮೇಲೆ ಬಗ್ಗಿ "ಬಟನ್" ಎಂದು ಕರೆದಳು, ಜೋರಾಗಿ ಅಲ್ಲ, ನಿದ್ದೆ ಮಾಡುವವನನ್ನು ಎಬ್ಬಿಸುವಂತೆ. ನೀರಾನೆಯ ಎರಡು ಕಿವಿ ಮೇಲೆ ಬಂದು ಅಲುಗಿದವು. ಅಲ್ಲಿಯೇ ಕುಸಿದು ಕೂತಳು, ಮತ್ತೆ ಎದ್ದಳು. ಇಂಥ ಹೊತ್ತಿನಲ್ಲಿ ತಾಯಂದಿರು ಎಲ್ಲಿಂದ ಏಳುತ್ತಾರೋ, ಹಾಗೆ ಎದ್ದಳು.

ಸಫಾರಿಗೆ ಹೋಗಿದ್ದ ಬಸ್ಸೊಂದು ಆಗ ಹಿಂತಿರುಗಿ ಬರುತ್ತಿತ್ತು. ಕಿಟಕಿಗಳಿಗೆಲ್ಲ ಕಬ್ಬಿಣದ ಬಲೆ. ಬಲೆಯ ಹಿಂದೆ ಮಕ್ಕಳು ಹುಲಿಯ ಹಾಗೆ ಘರ್ಜಿಸುತ್ತಿದ್ದವು. ಬಸ್ಸು ಅವಳ ಪಕ್ಕದಲ್ಲೇ ಮೆಲ್ಲಗೆ ಹಾದುಹೋಗುವಾಗ ಕೊನೆಯ ಕಿಟಕಿಯಲ್ಲಿ ಒಂದು ಗುಂಡು ಮುಖ ಕಂಡಿತು. ಬಟನ್! ಅವನೂ ಅವಳನ್ನು ಕಂಡ. ಅವಳ ಕಣ್ಣನ್ನೇ ನೇರವಾಗಿ ನೋಡಿದ. ನೋಡಿ, ಮುಖ ಆ ಕಡೆಗೆ ತಿರುಗಿಸಿಕೊಂಡ.

ಅವಳು ಬಸ್ಸಿನ ಮೈಯನ್ನು ದಬದಬ ಬಡಿಯುತ್ತ ಓಡಿದಳು. ಬಸ್ಸು ನಿಂತಿತು, ಬಾಗಿಲು ತೆರೆಯಿತು. ಮಕ್ಕಳು ಒಬ್ಬರ ಅಂಗಿಯ ತುದಿಯನ್ನು ಒಬ್ಬರು ಹಿಡಿದುಕೊಂಡು ಇಳಿದರು. ಬಟನ್ ಕೊನೆಯವನು, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು, ಮುಖದಲ್ಲಿ ಅಳುವಿನ ಸುಳಿವೂ ಇಲ್ಲ. ಅವಳು ಬಾಚಿ ತಬ್ಬಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ಅವನು ಮಾತ್ರ ಅಳತೆಗೆ ನಿಲ್ಲುವ ಹಾಗೆ ಕೈ ಎರಡೂ ಕೆಳಗೆ ಬಿಟ್ಟು ನೆಟ್ಟಗೆ ನಿಂತಿದ್ದ.

"ಮೇಡಂ, ಮಗೂನ ಬಿಡಿ" ಎಂದಳು ಟೀಚರು. ಚಿಕ್ಕ ವಯಸ್ಸಿನವಳು, ಬಿಸಿಲಿಗೆ ಮೂಗಿನ ತುದಿ ಕೆಂಪಾಗಿತ್ತು.

"ನನ್ನ ಮಗ ಕಣ್ರೀ ಇವನು. ತಪ್ಪಿಸಿಕೊಂಡಿದ್ದ."

"ನಮ್ಮ ಲೈನಲ್ಲಿದ್ದ. ಎಣಿಸಿಯೇ ಹತ್ತಿಸಿದ್ದೀನಿ." ಹೇಳುತ್ತ ಹೇಳುತ್ತ ಟೀಚರ ದನಿ ಸಣ್ಣದಾಯಿತು. ವಾಂತಿ ಮಾಡಿಕೊಂಡ ಒಂದು ಮಗುವನ್ನು ಆಯಾ ಜೊತೆ ನೆರಳಿನಲ್ಲಿ ಕೂರಿಸಿ ಬಂದದ್ದು, ಆದರೂ ಎಣಿಕೆ ಸರಿಹೋದದ್ದು ಆಗ ಅವಳಿಗೆ ಹೊಳೆದಿರಬೇಕು. ಬಟನ್‌ನ ಕೊರಳು ನೋಡಿದಳು. ಬೇರೆ ಮಕ್ಕಳಿಗಿದ್ದ ಹೆಸರಿನ ಚೀಟಿ ಅಲ್ಲಿರಲಿಲ್ಲ. ಮೊಣಕಾಲೂರಿ ಕೂತು ಕೇಳಿದಳು. "ಪುಟ್ಟಾ, ಇವರು ಯಾರು? ನಿನಗೆ ಗೊತ್ತಾ?"

ಬಟನ್ ಅಮ್ಮನ ಮುಖ ನೋಡಲಿಲ್ಲ. ಕೊರಳಲ್ಲಿದ್ದ ಟೇಪು ನೋಡಿದ.

"ಟೇಪ್ ಆಂಟಿ" ಎಂದ.

ಸುತ್ತ ನಿಂತ ಮಕ್ಕಳೆಲ್ಲ "ಹೌದು ಮಿಸ್, ಟೇಪ್ ಆಂಟಿ!" ಎಂದು ಕೂಗಿದವು.

"ನಿಮ್ಮಮ್ಮ ಅಲ್ವಾ?"

ಅವನು ಅಲ್ಲವೆಂದು ತಲೆಯಾಡಿಸಿದ. ಚೂರೂ ತಡವರಿಸದೆ.

ಅವಳು ಮಗನ ಕಡೆ ಬಗ್ಗಿದಳು. "ಬಟನ್, ನಾನು ಕಣೋ. ಅಮ್ಮ ಕಣೋ ಬಂಗಾರ. ಹೇಳೋ" ಎಂದು ಗಲ್ಲ ಹಿಡಿದಳು. ಅವನು ಅನುಮಾನದಿಂದ ಅವಳನ್ನು ನೋಡಿ, ತುಟಿ ಬಿಗಿ ಹಿಡಿದ. ಒಂದು ಕೈ ಮೆಲ್ಲಗೆ ತೊಡೆಯ ಮೇಲೆ ಹೋಯಿತು, ಜಿಗುಟಿದರೆ ತಡೆಯಲೆಂಬಂತೆ.

ಜನ ಸೇರಿದ್ದರು. ಯಾರೋ ಫೋನು ಮೇಲೆತ್ತಿ ಚಿತ್ರ ಹಿಡಿಯುತ್ತಿದ್ದರು. "ಈಗಿನ ಕಾಲದಲ್ಲಿ ಯಾರನ್ನ ನಂಬೋದು" ಎಂದು ಒಬ್ಬ ಹೆಂಗಸು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಪಾರ್ಕಿನ ಕಾವಲಿನವನು ಸೀಟಿ ಬಾಯಲ್ಲಿಟ್ಟುಕೊಂಡೇ ಬಂದ.

"ನಾನು ನಿಮ್ಮನ್ನ ಗುರುತು ಹಿಡಿದೆ, ಅಳತೆಗೆ ಬರ್ತೀರಿ ಅಲ್ವಾ?" ಎಂದಳು ಟೀಚರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ಆದ್ರೆ ಮಗು ಅಲ್ಲ ಅಂತಿದೆ. ನಾನು ಹೆಂಗೆ ಕೊಡ್ಲಿ ಹೇಳಿ? ಆಫೀಸಿಗೆ ಹೋಗೋಣ. ಅವರು ಪೊಲೀಸರನ್ನ ಕರೆಸಿ ಕೇಳ್ಕೋತಾರೆ." ಹೀಗೆಂದು ಬಟನ್‌ನ ಕೈ ಹಿಡಿದಳು. ಅವನು ತಕರಾರಿಲ್ಲದೆ ಅವಳ ಜೊತೆ ಹೆಜ್ಜೆ ಹಾಕಿದ.

ಮಗನ ಬೆನ್ನು ನೋಡುತ್ತ ನಿಂತಳು. ಇಂದು ಬೆಳಿಗ್ಗೆ ಬಿಚ್ಚಿ ಉದ್ದ ಮಾಡಿದ ಅಂಚು, ಆತುರದಲ್ಲಿ ಹಾಕಿದ ಸೊಟ್ಟ ಹೊಲಿಗೆ. ಸ್ಟೂಲಿನ ಮೇಲೆ ನಿಲ್ಲಿಸಿ ಅಳೆದದ್ದು. ಆಗ ಕೈ ತಾನಾಗಿಯೇ ಕೊರಳಿಗೆ ಹೋಯಿತು, ಬೆರಳಿಗೆ ಟೇಪು ಸಿಕ್ಕಿತು. ಹಸಿರು ಅಂಗಿ, ಶಾಲೆಯ ಮಕ್ಕಳು, ಟೀಚರು, ಟೇಪು. ಅವನು ತಪ್ಪಿಸಿಕೊಂಡೇ ಇರಲಿಲ್ಲ! ಅವಳು ಹೇಳಿಕೊಟ್ಟಂತೆ ಸಾಲಿಗೆ ಹೋಗಿ ನಿಂತಿದ್ದ, ಅಷ್ಟೇ.

ಟೇಪು ತೆಗೆದು ಕೊಟ್ಟರೆ ಮುಗಿಯಿತು. ಆದರೆ ಎಲ್ಲರೆದುರು, ಆ ಶಾಲೆಯ ಟೀಚರ ಎದುರು ಕೊಡಬೇಕು. ಕೊಟ್ಟರೆ ಎಲ್ಲ ಬಯಲಾಗುತ್ತದೆ. ಮಾತು ಮ್ಯಾನೇಜರಿಗೆ ಹೋಗುತ್ತದೆ. ಕಾಜಾ ಹಾಕುವವಳಿಗೆ ಆದದ್ದೇ ತನಗೂ ಆಗುತ್ತದೆ. ಗಂಡ ಹೇಗೂ ಬರುತ್ತಾನೆ, ಅವನನ್ನು ಕಂಡರೆ ಬಟನ್ ಅಪ್ಪಾ ಎಂದು ಓಡುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಗಳಿಗೆಯಲ್ಲೂ ಕತ್ತರಿ ಬುದ್ಧಿ ಇಷ್ಟನ್ನೂ ಕತ್ತರಿಸಿ ಮುಂದಿಟ್ಟಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಿಲ್ಲಿ" ಎಂದು ಕೂಗಿ ಓಡಿದಳು. ಮಗನ ಎದುರು ನೆಲದ ಮೇಲೆ ಕೂತಳು. ಟೇಪು ತೆಗೆದಳು. ಅವನ ಅಂಗೈ ಬಿಡಿಸಿ ಅದರ ಮೇಲಿಟ್ಟಳು.

ಬಟನ್ ಬಿಸ್ಕತ್ತನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಟೇಪನ್ನು ನಿಧಾನವಾಗಿ ಸುತ್ತತೊಡಗಿದ. ಟೀಚರು, ಕಾವಲಿನವನು, ಫೋನು ಹಿಡಿದವರು ಎಲ್ಲರೂ ಬಗ್ಗಿ ನೋಡಿದರು. ಸುತ್ತಿ ಮುಗಿಸಿ, ಬಿಸ್ಕತ್ತು ತೆಗೆದು, ಅವನು ಮುಖ ಅರಳಿಸಿದ.

"ಅಮ್ಮಾ! ಹುಲಿ ಮಲಗಿತ್ತು!" ಎಂದ. ಆಮೇಲೆ ಕೈ ಚಾಚಿದ. "ನೀನು ಅತ್ರೂ ನಾನು ಹೇಳ್ಲಿಲ್ಲ, ನೋಡಿದ್ಯಾ? ಎರಡು ಪೆಪ್ಪರ್‌ಮಿಂಟ್ ಕೊಡು."

ಅವಳ ಚೀಲದಲ್ಲಿ ಒಂದೂ ಇರಲಿಲ್ಲ. ಚಾಚಿದ ಆ ಕೈಯನ್ನೇ ಹಿಡಿದುಕೊಂಡಳು.

"ಇದನ್ನ ಇವನಿಗೆ ಯಾರು ಹೇಳಿಕೊಟ್ಟಿದ್ದು?" ಎಂದು ಟೀಚರು ಮೆಲ್ಲಗೆ ಕೇಳಿದಳು.

"ನಾನೇ" ಎಂದಳು. "ನಿಮ್ಮ ಸ್ಕೂಲಿಗೆ ಬರುವಾಗ. ಬಿಟ್ಟುಬರೋಕೆ ಯಾರೂ ಇಲ್ಲ ನನಗೆ."

ಟೀಚರು ಬಟನ್‌ನ ಕೆನ್ನೆ ಸವರಿ, ತನ್ನ ಸಾಲನ್ನು ಕರೆದುಕೊಂಡು ಹೋದಳು. ಹೋಗುತ್ತ ಮಕ್ಕಳನ್ನು ಮತ್ತೆ ಎಣಿಸಿದಳು, ಒಬ್ಬೊಬ್ಬರ ತಲೆ ಮುಟ್ಟಿ.

ಗಂಡ ಏದುಸಿರು ಬಿಡುತ್ತ ಬಂದವನು ಮಗನನ್ನು ಎತ್ತಿ ಹೆಗಲ ಮೇಲೆ ಹೊತ್ತುಕೊಂಡ. ಉಳಿದ ಪಾರ್ಕನ್ನು ಯಾರೂ ನೋಡಲಿಲ್ಲ. ಸಿಂಹ ನೋಡಲಿಲ್ಲವೆಂದು ದೊಡ್ಡವಳು ಸ್ವಲ್ಪ ಗೊಣಗಿ, ಅಮ್ಮನ ಮುಖ ಕಂಡು ಸುಮ್ಮನಾದಳು. ಬಸ್ಸಿನಲ್ಲಿ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು, ತೊಡೆ ಜಿಗುಟಿದ್ದನ್ನೂ ಬಿಡದೆ. ಅವನು ನಗಲಿಲ್ಲ, ರೇಗಲೂ ಇಲ್ಲ. ಮಲಗಿದ್ದ ಮಗನ ಮುಷ್ಟಿಯಲ್ಲಿ ಟೇಪು ಇತ್ತು, ಅದನ್ನೇ ನೋಡುತ್ತ ಕೂತ. ಇಳಿಯುವ ಹೊತ್ತಿಗೆ ಒಂದೇ ಮಾತು ಹೇಳಿದ. "ನನಗೊಂದು ಮಾತು ಹೇಳಬಾರದಾಗಿತ್ತೇನೇ."

ಗಂಡನ ಕೆಲಸ ಬದಲಾಗಲಿಲ್ಲ, ಪಕ್ಕದ ಮನೆಯ ಅಜ್ಜಿ ವಾಪಸು ಬರಲಿಲ್ಲ. ಮ್ಯಾನೇಜರು ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಅವಳು ಮೆಷಿನ್ನಿನ ಮುಂದೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದಳು. ಅವರು ಕರೆಯಲಿಲ್ಲ. ಹಸಿರು ಚೌಕುಳಿ ಶಾಲೆಯ ಕೆಲವು ಮಕ್ಕಳ ಅಂಗಿ ಬಿಗಿಯಾಗಿದೆಯಂತೆ, ಹೋಗಿ ಅಳೆದು ಬಾ ಎಂದರು.

ಹೋಗುವ ದಿನ ಬೆಳಿಗ್ಗೆ ಅವಳು ಬಟನ್‌ಗೆ ಕೆಂಪು ಅಂಗಿ ತೊಡಿಸಿದಳು. ಹಸಿರು ಅಂಗಿಯನ್ನು ಬಿಚ್ಚಿ ಮೆಷಿನ್ ಒರೆಸುವ ಬಟ್ಟೆ ಮಾಡಿಯಾಗಿತ್ತು. ದಾರಿಯುದ್ದಕ್ಕೂ ಹೇಳಿಕೊಟ್ಟಳು: ಇವತ್ತಿಂದ ಎಲ್ಲಿದ್ದರೂ ಅಮ್ಮ ಅನ್ನಬೇಕು, ಯಾರು ಕೇಳಿದರೂ ಅಮ್ಮ ಅನ್ನಬೇಕು, ಗೊತ್ತಾಯಿತಾ? ಅವನು ಹೂಂ ಹೂಂ ಎಂದು ತಲೆಯಾಡಿಸಿದ. ಕೆಲಸ ಹೋದರೆ ಹೋಗಲಿ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದಳು. ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಶಾಲೆಯ ಗೇಟಿಗೆ ಬಂದಳು. ಕೆಲಸದ ದಿನವಾದ್ದರಿಂದ ಟೇಪು ಕೊರಳಲ್ಲಿತ್ತು.

ಕಾವಲುಗಾರ ಕೆಂಪು ಅಂಗಿ ನೋಡಿ ತಡೆದ. "ಯಾರಿದು?"

"ನನ್ನ ಮಗ" ಎಂದಳು, ಜೋರಾಗಿಯೇ.

ಬಟನ್ ತಲೆಯೆತ್ತಿ ಟೇಪು ನೋಡಿದ. ಒಳಗೆ ಆಡುತ್ತಿದ್ದ ಹಸಿರು ಚೌಕುಳಿಯ ಮಕ್ಕಳನ್ನು ನೋಡಿದ. ಅವಳು ಮತ್ತೆ ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ತನ್ನ ಕೈಯನ್ನು ಅವಳ ಕೈಯಿಂದ ಮೆತ್ತಗೆ ಬಿಡಿಸಿಕೊಂಡು, ಒಂದು ಹೆಜ್ಜೆ ದೂರ ಸರಿದು ನಿಂತ.

"ಅಲ್ಲ" ಎಂದ ಕಾವಲುಗಾರನಿಗೆ. "ಇವರು ಟೇಪ್ ಆಂಟಿ."